‘ಇತರೆ’ ಫೋಲ್ಡರಿನ ಹಾಡುಗಳು

ನನ್ನ ಓದಿಗೆ ಶಿಸ್ತಿಲ್ಲ ಎಂಬ ಮಾತನ್ನು ಎಂ.ಎ. ಓದುವಾಗ ಕೇಳಿದ್ದೆ, ಪಾಠ ಹೇಳುವ ಈಗಲೂ ಕೇಳುತ್ತಿದ್ದೇನೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಅಂಬೇಡ್ಕರ್ ಬರಹಗಳ ಸಂಪುಟ, ತೇಜಸ್ವಿಯವರ ‘ಕರ್ವಾಲೊ’, ರಟ್ಟು ಹೋದ ಪಂಚಾಂಗ, ಹೀಗೆ ಕೈಗೆ ಸಿಕ್ಕಿದ್ದನ್ನು ಸಿಕ್ಕ ಕ್ರಮದಲ್ಲೇ ಓದಿದವನು ನಾನು. ಮನೆಯಲ್ಲಿ ಪುಸ್ತಕವೇ ಇಲ್ಲದವನು ಇನ್ನು ಹೇಗೆ ಓದಬೇಕಿತ್ತು? ಆದರೆ ಈ ಆಕ್ಷೇಪದ ಹಿಂದೆ ಬೇರೆ ಮಾತೂ ಇದೆ. ಎಂ.ಎ. ಪ್ರಬಂಧಕ್ಕೆ ಬೇಂದ್ರೆಯವರ ನಾದದ ಬಗ್ಗೆ ಬರೀತೀನಿ ಅಂದಾಗ ನಮ್ಮ ಮೇಷ್ಟ್ರು ಪ್ರೀತಿಯಿಂದಲೇ, “ನಿಮ್ಮದೇ ವಿಷಯ ಇದೆಯಲ್ಲಪ್ಪ, ಅದನ್ನ ಬಿಟ್ಟು ಇದ್ಯಾಕೆ?” ಅಂದರು. ನಾನು ಯಾವ ಕಪಾಟಿನ ಮುಂದೆ ನಿಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು.

ಕಪಾಟಿನ ರಾಜಕೀಯವನ್ನು ನಾನು ಕಲಿತದ್ದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಬಳಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ. 2013ರಲ್ಲಿ, ಪಿಯುಸಿ ಓದುತ್ತ, ಸಂಜೆ ಹೊತ್ತು ಅಲ್ಲಿ ಕೆಲಸಕ್ಕಿದ್ದೆ. ಕ್ಯಾಸೆಟ್ ಕೊಳ್ಳುವವರು ಆಗಲೇ ಇರಲಿಲ್ಲ. ಗೋಡೆ ತುಂಬ ಧೂಳು ಹಿಡಿದ ಕ್ಯಾಸೆಟ್ಟು, ಮೂಲೆಯಲ್ಲಿ ಕಂಪ್ಯೂಟರು. ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ನನ್ನ ಕೆಲಸ. (ಕಾನೂನಿಗೆ ಒಗ್ಗದ ಕೆಲಸ, ಊರೂರಲ್ಲೂ ನಡೀತಿತ್ತು.) ಕಂಪ್ಯೂಟರಿನಲ್ಲಿ ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆ, ಜನಪದ ಎಂಬ ಫೋಲ್ಡರುಗಳು. ಕೊನೆಗೆ ‘ಇತರೆ’. ಮಂಟೇಸ್ವಾಮಿ ಕಥೆ ಇದ್ದದ್ದು ಈ ‘ಇತರೆ’ಯಲ್ಲಿ. ಅದರ ಪಕ್ಕದಲ್ಲೇ ದಲಿತ ಸಂಘರ್ಷ ಸಮಿತಿಯವರು ಹಾಡುತ್ತಿದ್ದ ಹೋರಾಟದ ಹಾಡುಗಳು.

ಚಿಕ್ಕಲ್ಲೂರು ಜಾತ್ರೆಯ ಹಿಂದುಮುಂದಿನ ದಿನ ಅಂಗಡಿ ತುಂಬ ಜನ. ಒಬ್ಬ ಮುದುಕ ಬಂದು, “ಹಲಗೂರ್ ಸಾಲು ಹಾಕ್ಕೊಡು ಮಗ, ಕಲ್ಯಾಣುದ್ ಸಾಲು ನನ್ನತ್ರ ಅದ” ಅಂದ. ನಾನು ‘ಜನಪದ’ ತೆರೆದೆ, ಸಿಗಲಿಲ್ಲ. “ಜನಪದ ಅಲ್ಲ ಕಣಪ್ಪ, ದೇವ್ರುದ್ದು” ಅಂದ. ‘ಭಕ್ತಿಗೀತೆ’ ತೆರೆದೆ, ಅಲ್ಲೂ ಇಲ್ಲ. ಯಜಮಾನರು ಕೂತಲ್ಲಿಂದಲೇ, “ಇತರೇಲಿ ನೋಡೋ, ಭಕ್ತಿಗೀತೆ ಕೇಳೋರೇ ಬೇರೆ” ಅಂದರು. ಹೊಲೆಮಾದಿಗರ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಬಸವಣ್ಣನನ್ನೇ ಪರೀಕ್ಷೆಗೆ ಒಡ್ಡುವ ದೇವರಿಗೆ ಆ ಅಂಗಡಿಯ ಭಕ್ತಿಯಲ್ಲಿ ಜಾಗವಿರಲಿಲ್ಲ.

‘ಕುಸುಮಬಾಲೆ’ಯನ್ನು ನಾನು ಓದಿದ್ದು ಇದಾದ ಮೇಲೆ. 1984ರ ಈ ಕೃತಿಯ ಭಾಷೆ ಕಷ್ಟ ಎನ್ನುವ ದೂರನ್ನು ತರಗತಿಯಲ್ಲಿ ಕೇಳಿದ್ದೆ. ನನಗೆ ಅದು ಓದುವ ಮೊದಲೇ ಕಿವಿಗೆ ಬಿದ್ದಂತಿತ್ತು. ನೀಲಗಾರರ ಸಾಲುಗಳನ್ನು ದಿನಾ ಕೇಳಿದವನಿಗೆ ಜೋತಮ್ಮಂದಿರು ಕೂಡಿ ಮಾತಾಡುವುದು, ಮಂಚ ಬಾಯಿ ಬಿಡುವುದು ವಿಸ್ಮಯವಲ್ಲ, ಕಥೆ ಹೇಳುವ ರೀತಿ. ವಿಮರ್ಶೆ ಇದನ್ನು ಮಾಂತ್ರಿಕ ವಾಸ್ತವ ಎಂದು ಕರೆದದ್ದೂ ಉಂಟು. ಮಾರ್ಕ್ವೆಜ್‌ನನ್ನು ನಾನೂ ಇಷ್ಟಪಟ್ಟು ಓದಿದ್ದೇನೆ. ನನ್ನ ತಕರಾರು ಹೋಲಿಕೆಯ ಬಗ್ಗೆ ಅಲ್ಲ. ಕೊಲಂಬಿಯಾದವರೆಗೆ ಹೋಗಿ ಬರುವ ವಿಮರ್ಶಕನ ಕಿವಿಗೆ ಚಿಕ್ಕಲ್ಲೂರು ಯಾಕೆ ಕೇಳಿಸಲಿಲ್ಲ? ಹಾಗಂತ ದೇವನೂರರನ್ನು ‘ನಮ್ಮ ಜನಪದ’ ಎಂದು ಕಟ್ಟಿಹಾಕಿದರೂ ಅಷ್ಟೇ ಅನ್ಯಾಯ. ದಲಿತ ಲೇಖಕನಿಗೆ ರೂಪದ ಬಗ್ಗೆ ಯೋಚನೆಯೇ ಇಲ್ಲ, ಬರೀ ಅನುಭವ ಇದೆ ಅಂದಂತಾಗುತ್ತದೆ.

ಲಿರಾಯ್ ಜೋನ್ಸ್, ಮುಂದೆ ಅಮಿರಿ ಬರಾಕ ಆದವನು, 1963ರಲ್ಲಿ ಬರೆದ ‘ಬ್ಲೂಸ್ ಪೀಪಲ್’ ನನಗೆ ಸಿಕ್ಕಿದ್ದು ಹಳೇ ಪುಸ್ತಕದ ಅಂಗಡಿಯಲ್ಲಿ. ಕಪ್ಪು ಜನರ ಸಂಗೀತದ ಮೂಲಕವೇ ಅವರ ಚರಿತ್ರೆ ಬರೆಯುವ ಪುಸ್ತಕ ಅದು. 1920ರಲ್ಲಿ ಮೇಮಿ ಸ್ಮಿತ್‌ಳ ‘ಕ್ರೇಜಿ ಬ್ಲೂಸ್’ ಚೆನ್ನಾಗಿ ಮಾರಾಟವಾದದ್ದೇ ಅಮೆರಿಕದ ಕಂಪನಿಗಳು ಕಪ್ಪು ಜನರ ಹಾಡುಗಳಿಗೆ ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಪಟ್ಟಿ ಮಾಡಿದವು. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಅದನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯಿತು. ಹೆಸರಷ್ಟೇ ಬದಲಾಯಿತು, ಪಟ್ಟಿ ಬೇರೆಯಾಗಿಯೇ ಉಳಿಯಿತು. ಇದನ್ನು ಓದುವಾಗ ನಮ್ಮ ಪಠ್ಯಕ್ರಮ ನೆನಪಾಯಿತು: ನವೋದಯ, ಪ್ರಗತಿಶೀಲ, ನವ್ಯ, ಕೊನೆಯ ಘಟಕದಲ್ಲಿ ದಲಿತ-ಬಂಡಾಯ. ಪರೀಕ್ಷೆ ಹತ್ತಿರವಾದಾಗ ಬಿಟ್ಟುಹೋಗುವುದೂ ಆ ಘಟಕವೇ.

ಆ ಮುದುಕ ಹೋದ ಮೇಲೆ ನನಗೆ ಸಿಟ್ಟು ತಡೆಯಲಿಲ್ಲ. ಯಜಮಾನರು ಊಟಕ್ಕೆ ಹೋದಾಗ ‘ಮಂಟೇಸ್ವಾಮಿ’ ಎಂದು ಹೊಸ ಫೋಲ್ಡರ್ ಮಾಡಿ ಸಾಲುಗಳನ್ನೆಲ್ಲ ಅದಕ್ಕೆ ಹಾಕಿದೆ. ಬಂದು ನೋಡಿ ಏನೂ ಅನ್ನಲಿಲ್ಲ, ವ್ಯಾಪಾರಕ್ಕೂ ಸಲೀಸಾಯಿತು. ಹೋರಾಟದ ಹಾಡುಗಳನ್ನು ಮಾತ್ರ ನಾನೇ ‘ಇತರೆ’ಯಲ್ಲಿ ಬಿಟ್ಟಿದ್ದೆ. ಅವನ್ನು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ.