ಅಶ್ವಶಕ್ತಿಯ ಮೋಹ, ತೂಕದ ಲೆಕ್ಕ

ಸಣ್ಣ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಎಂಜಿನ್ ಕಟ್ಟಿದ) ದೋಣಿ ನೀರಿನ ಮೇಲೆ ಏಳುತ್ತಿಲ್ಲ ಎಂದು ಯಾರ ಬಳಿಯಾದರೂ ಹೇಳಿ ನೋಡಿ. ಮೊದಲು ಸಿಗುವ ಸಲಹೆ, ದೊಡ್ಡ ಎಂಜಿನ್ ಹಾಕಿ ಎಂಬುದು. ಎರಡನೆಯದು, ಎಂಜಿನ್ನಿನ ನೀರಿಗಿಳಿಯುವ ಕಾಲಿಗೆ ಪ್ಲಾಸ್ಟಿಕ್ ರೆಕ್ಕೆ ಬಿಗಿಸಿ ಎಂಬುದು. ಎರಡಕ್ಕೂ ದುಡ್ಡು ಬೇಕು. ದುಡ್ಡು ಬೇಡದ ಉಪಾಯಗಳು ನಾಲ್ಕಾರು ಇದ್ದರೂ ಅವುಗಳ ಸರದಿ ಬರುವುದು ಕೊನೆಗೆ, ಎಷ್ಟೋ ಸಲ ಬರುವುದೇ ಇಲ್ಲ. ಈ ತಲೆಕೆಳಗಾದ ಕ್ರಮವೇ ಸಣ್ಣ ದೋಣಿಗಳ ಲೋಕದ ದೊಡ್ಡ ದೋಷ ಎಂಬುದು ನನ್ನ ವಾದ.

ಹೀಗೆ ಏಳುವುದಕ್ಕೆ ಪ್ಲೇನಿಂಗ್ ಎನ್ನುತ್ತಾರೆ; ಎಂದರೆ ದೋಣಿ ನೀರನ್ನು ಸೀಳಿಕೊಂಡು ಸಾಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುವುದು. ಕಂಬಳದ ಅಡ್ಡಹಲಗೆ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಂತರೆ ಕೆಸರಿಗೆ ಇಳಿಯುವ ಹಲಗೆ, ಕೋಣಗಳು ಓಡುವಾಗ ಆಳನ್ನು ಹೊತ್ತೇ ಜಾರುತ್ತದೆ. ದೋಣಿಯಲ್ಲಿ ಈ ಬದಲಾವಣೆ ಸಲೀಸಾಗಿ ಆಗುವುದಿಲ್ಲ. 4 ಮೀಟರ್ ಉದ್ದದ ದೋಣಿ ಗಂಟೆಗೆ ಸುಮಾರು 9 ಕಿ.ಮೀ. ತಲುಪುವಾಗ ಅದು ಎಬ್ಬಿಸುವ ಅಲೆ ದೋಣಿಯಷ್ಟೇ ಉದ್ದವಾಗುತ್ತದೆ. ಅದಕ್ಕಿಂತ ವೇಗ ಹೆಚ್ಚಿಸಿದರೆ ಹಿಂಬದಿ ಕುಸಿದು ಮೂತಿ ಮೇಲೇಳುತ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕಾಗುತ್ತದೆ. ಪೂರ್ತಿ ಜಾರತೊಡಗುವುದು 20 ಕಿ.ಮೀ. ದಾಟಿದ ಮೇಲೆ. ನಡುವಿನ ಈ ದಿಬ್ಬದಲ್ಲೇ ಹೆಚ್ಚಿನ ದೋಣಿಗಳು ಸಿಕ್ಕಿಬೀಳುತ್ತವೆ. ಎಂಜಿನ್ ಪೂರ್ತಿ ಕೂಗುತ್ತಿರುತ್ತದೆ, ಪೆಟ್ರೋಲು ಸುರಿಯುತ್ತಿರುತ್ತದೆ, ಓಡಿಸುವವನಿಗೆ ಎದುರಿನ ನೀರೇ ಕಾಣುವುದಿಲ್ಲ.

ದಿಬ್ಬ ದಾಟಲು ಶಕ್ತಿ ಬೇಕು, ನಿಜ. ಆದರೆ ಎಷ್ಟು ಬೇಕೆಂಬುದನ್ನು ತೀರ್ಮಾನಿಸುವುದು ತಳದ ಆಕಾರ ಮತ್ತು ತೂಕ. ಆಕಾರದ ಪಾಠಕ್ಕೆ ಬಾಸ್ಟನ್ ವೇಲರ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಿಕ್ ಫಿಶರ್ ಮತ್ತು ವಿನ್ಯಾಸಕಾರ ರೇ ಹಂಟ್ ರೂಪಿಸಿದ ಈ 13 ಅಡಿಯ ದೋಣಿ 1958ರಲ್ಲಿ ಮಾರಾಟಕ್ಕೆ ಬಂತು. ಮೂತಿ ಮೊಂಡು, ಮೈ ಅಗಲ, ತಳ ಹೆಚ್ಚುಕಡಿಮೆ ಚಪ್ಪಟೆ. ಆಲ್ಬರ್ಟ್ ಹಿಕ್‌ಮನ್ ಅವರ ಹಳೆಯ ಸೀ ಸ್ಲೆಡ್ ದೋಣಿಯ ತಳವೇ ಇದಕ್ಕೆ ಮೂಲ. ಆ ತಳದ ನಡುವೆ ಒಂದು ಸುರಂಗವಿತ್ತು. ಅದರೊಳಗಿಂದ ಗಾಳಿ ಬೆರೆತ ನೀರು ನೇರ ಪ್ರೊಪೆಲ್ಲರಿಗೆ ಬಂದು ಅದರ ಹಿಡಿತ ತಪ್ಪಿಸುತ್ತಿತ್ತು. ಫಿಶರ್ ನಡುವಿನ ಜಾಗವನ್ನು ತುಂಬಿಸಿ ಮೂರು ಏಣುಗಳ ತಳ ಮಾಡಿದರು. ಪರಿಣಾಮವಾಗಿ ಕಡಿಮೆ ಶಕ್ತಿಗೇ ಏಳುವ, ನಿಂತಲ್ಲಿ ಅಲುಗಾಡದ ದೋಣಿ ಸಿಕ್ಕಿತು. ಅದರ ಬೆಲೆಯೂ ಇದೆ: ಅಲೆಯಿರುವ ನೀರಿನಲ್ಲಿ ವೇಲರ್ ಕುಳಿತವರ ಬೆನ್ನುಮೂಳೆ ಎಣಿಸುತ್ತದೆ.

ಅದೇ ಹಂಟ್ ಒರಟು ಸಮುದ್ರಕ್ಕೆ ಬೇರೆಯೇ ಉತ್ತರ ಕೊಟ್ಟರು. 1960ರ ಮಯಾಮಿ–ನಸ್ಸೌ ದೋಣಿ ಪಂದ್ಯ ಗೆದ್ದ, ಅವರ ವಿನ್ಯಾಸದ ‘ಮಾಪ್ಪಿ’ಯ ತಳ ಹಿಂಬದಿಯವರೆಗೂ ಆಳವಾದ ‘ವಿ’ ಆಕಾರದ್ದು. ಅದು ಅಲೆಯನ್ನು ಮೆತ್ತಗೆ ಸೀಳುತ್ತದೆ, ಆದರೆ ಏಳಲು ಹೆಚ್ಚು ಶಕ್ತಿ ಕೇಳುತ್ತದೆ. ಒಬ್ಬನೇ ವಿನ್ಯಾಸಕಾರ ಎರಡು ಕೆಲಸಕ್ಕೆ ಎರಡು ತಳ ಬರೆದ ಎಂಬುದನ್ನು ಕೊಳ್ಳುವವರು ಗಮನಿಸುವುದಿಲ್ಲ. ಕೆರೆ, ಹಿನ್ನೀರಿನಲ್ಲಿ ಓಡಿಸಲು ಚೂಪು ತಳದ 12 ಅಡಿಯ ದೋಣಿ ಕೊಂಡು, ಅದು ಏಳಲಿಲ್ಲವೆಂದು ಎಂಜಿನ್ನನ್ನು ಬೈಯುವುದು ನ್ಯಾಯವಲ್ಲ.

ತಳವನ್ನು ಬದಲಿಸಲಾಗದು, ತೂಕವನ್ನು ಬದಲಿಸಬಹುದು. ಒಂದು ಅಶ್ವಶಕ್ತಿಗೆ 20 ಕೆ.ಜಿ. ಆಸುಪಾಸು ಎಂಬ ಒರಟು ಲೆಕ್ಕ ಸಣ್ಣ ದೋಣಿಗಳಿಗೆ ಚೆನ್ನಾಗಿಯೇ ಒಪ್ಪುತ್ತದೆ. ದೋಣಿ 150, ಎಂಜಿನ್ 50, ಇಬ್ಬರು ಸೇರಿ 140, ಇಂಧನ ಮತ್ತು ಸಾಮಾನು 40, ಒಟ್ಟು 380 ಕೆ.ಜಿ. ಎಂದಿಟ್ಟುಕೊಳ್ಳಿ. 15 ಅಶ್ವಶಕ್ತಿಗೆ ಹಂಚಿದರೆ ತಲಾ 25 ಕೆ.ಜಿ. ದಾಟುತ್ತದೆ, ದೋಣಿ ದಿಬ್ಬದಲ್ಲೇ ಉಳಿಯುತ್ತದೆ. ಒಬ್ಬರು ಇಳಿದರೆ 21ಕ್ಕೆ ಬರುತ್ತದೆ, ಏಳುತ್ತದೆ. ಒಂಟಿಯಾಗಿ ಹೋದಾಗ ಹಾರುವ ದೋಣಿ ಗೆಳೆಯನನ್ನು ಹತ್ತಿಸಿಕೊಂಡಾಗ ಮುನಿಯುವುದರ ಗುಟ್ಟು ಇಷ್ಟೇ. ತಳದಲ್ಲಿ ನಿಂತ ನೀರು, ನೀರು ಕುಡಿದ ಫೋಮ್, ಅಂಟಿದ ಚಿಪ್ಪುಗಳು ಇವೆಲ್ಲ ಲೆಕ್ಕಕ್ಕೆ ಸಿಗದ ಪ್ರಯಾಣಿಕರು.

ಒಟ್ಟು ತೂಕದಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎಂಬುದು. ಎಂಜಿನ್ನಿನ ಹಿಡಿಕೆ (ಟಿಲ್ಲರ್) ಹಿಡಿದೇ ತಿರುಗಿಸುವ ದೋಣಿಯಲ್ಲಿ ಎಂಜಿನ್, ಓಡಿಸುವವನು, ಪೆಟ್ರೋಲ್ ಟ್ಯಾಂಕು, ಬ್ಯಾಟರಿ ನಾಲ್ಕೂ ಹಿಂದೆಯೇ ಗುಂಪುಗೂಡುತ್ತವೆ. ಹಳೆಯ ಎರಡು ಸ್ಟ್ರೋಕ್ ಎಂಜಿನ್ ತೆಗೆದು ಅಷ್ಟೇ ಶಕ್ತಿಯ ನಾಲ್ಕು ಸ್ಟ್ರೋಕ್ ಹಾಕಿದಾಗ ಹತ್ತು ಕೆ.ಜಿ.ಗೂ ಹೆಚ್ಚು ತೂಕ ಅದೇ ಮೂಲೆಗೆ ಬೀಳುತ್ತದೆ. ಟ್ಯಾಂಕನ್ನೂ ಬ್ಯಾಟರಿಯನ್ನೂ ಮುಂದಕ್ಕೆ ಸರಿಸಿ, ಹಿಡಿಕೆಗೆ ಉದ್ದನೆಯ ಕೋಲು ಜೋಡಿಸಿ ಓಡಿಸುವವನು ಒಂದು ಸೀಟು ಮುಂದೆ ಕೂತರೆ ಸಾಕು, ಎಷ್ಟೋ ದೋಣಿಗಳು ಎದ್ದುಬಿಡುತ್ತವೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಕಡೆಗಣಿಸಲ್ಪಟ್ಟ ಉಪಾಯ ಮತ್ತೊಂದಿಲ್ಲ.

ನಂತರ ಎಂಜಿನ್ ಕೂತಿರುವ ರೀತಿ. ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ಫಲಕ ದೋಣಿಯ ತಳದ ಮಟ್ಟಕ್ಕೆ ಇಲ್ಲವೇ ಅದಕ್ಕಿಂತ ತುಸು ಮೇಲಿರಬೇಕು. 15 ಇಂಚಿನ ಹಿಂಬದಿ ಹಲಗೆಗೆ 20 ಇಂಚಿನ ಕಾಲಿನ ಎಂಜಿನ್ ಹಾಕಿದರೆ ಅಷ್ಟುದ್ದದ ಕಾಲನ್ನು ನೀರಿನಲ್ಲಿ ಎಳೆಯುತ್ತಾ ಸಾಗಬೇಕಾಗುತ್ತದೆ. ತೀರಾ ಮೇಲೆ ಕೂರಿಸಿದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಬರಿದೇ ತಿರುಗುತ್ತದೆ. ಸಣ್ಣ ಎಂಜಿನ್ನಿನ ಬ್ರ್ಯಾಕೆಟ್ಟಿನಲ್ಲಿರುವ ಪಿನ್ನನ್ನು ಅಂಗಡಿಯಿಂದ ಬಂದ ತೂತಿನಿಂದ ಕದಲಿಸದವರೇ ಹೆಚ್ಚು. ಕಾಲಿನ ಓರೆಯನ್ನು ತೀರ್ಮಾನಿಸುವುದು ಈ ಪಿನ್ನೇ: ಕಾಲು ದೋಣಿಯ ಕಡೆಗೆ ಬಂದಷ್ಟೂ ಮೂತಿ ಇಳಿಯುತ್ತದೆ, ಆಚೆ ಹೋದಷ್ಟೂ ಏಳುತ್ತದೆ. ಅತಿಯಾಗಿ ಎದ್ದರೆ ದೋಣಿ ಕುಪ್ಪಳಿಸುತ್ತದೆ. ಅತಿಯಾಗಿ ಇಳಿದರೆ ಮೂತಿ ನೀರನ್ನು ಉಳುತ್ತಾ ದಿಕ್ಕು ತಪ್ಪುತ್ತದೆ. ಸಂಶೋಧಕ ಡೇನಿಯಲ್ ಸವಿಟ್ಸ್ಕಿ 1964ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಇಂದಿಗೂ ಇಂಥ ತಳಗಳ ವಿನ್ಯಾಸಕ್ಕೆ ಆಧಾರ; ಅದರ ಪ್ರಕಾರ ತಳ ನೀರಿಗೆ ನಾಲ್ಕೈದು ಡಿಗ್ರಿ ಓರೆಯಾಗಿ ಸಾಗುವಾಗ ತಡೆ ಕಡಿಮೆ. ಅಷ್ಟು ಓರೆ ಸಿಗುವ ತೂತನ್ನು ಓಡಿಸಿಯೇ ಹುಡುಕಬೇಕು.

ಪ್ರೊಪೆಲ್ಲರ್ ಬದಲಿಸುವುದಕ್ಕೆ ದುಡ್ಡು ಬೇಕು, ಆದರೆ ಆ ದುಡ್ಡಿಗೆ ಅರ್ಥವಿದೆ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಬೇಕೆಂದು ಕೈಪಿಡಿಯಲ್ಲೇ ಇರುತ್ತದೆ, ಹಲವು ಎಂಜಿನ್‌ಗಳಿಗೆ 5,000ದಿಂದ 6,000. ಟ್ಯಾಕೋಮೀಟರ್ 4,400 ತೋರಿಸುತ್ತಿದ್ದರೆ ನಿಮ್ಮ 15 ಅಶ್ವಶಕ್ತಿ ಕಾಗದದ ಮೇಲಷ್ಟೇ ಇದೆ. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ) ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಗರಿಷ್ಠ ವೇಗ ತುಸು ಕಳೆಯಬಹುದು, ಎತ್ತುವ ಬಲ ಹೆಚ್ಚುತ್ತದೆ. ಸಣ್ಣ ದೋಣಿಗೆ ಈ ವಿನಿಮಯ ಯಾವತ್ತೂ ಲಾಭದ್ದೇ.

ಇನ್ನು ಪ್ಲಾಸ್ಟಿಕ್ ರೆಕ್ಕೆ. ಅದು ಪೂರ್ತಿ ಮೋಸವಲ್ಲ. ಹಿಂಬದಿಯನ್ನು ಎತ್ತಿ ದಿಬ್ಬ ದಾಟಿಸಲು ನೆರವಾಗುತ್ತದೆ, ಕುಪ್ಪಳಿಸುವುದನ್ನು ತಗ್ಗಿಸುತ್ತದೆ. ಆದರೆ ಎದ್ದ ಮೇಲೂ ನೀರಿನಲ್ಲಿ ಎಳೆಯುತ್ತಲೇ ಇರುತ್ತದೆ, ಹಲವು ಸಲ ಪ್ರೊಪೆಲ್ಲರಿನ ಮೇಲಿನ ಫಲಕಕ್ಕೆ ತೂತು ಕೊರೆಯಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಎಲ್ಲಿದೆ ಎಂಬುದನ್ನು ಮುಚ್ಚಿಬಿಡುತ್ತದೆ. ದೊಡ್ಡ ಎಂಜಿನ್ ಇನ್ನೂ ಅಪಾಯಕಾರಿ ಔಷಧ. ಹೆಚ್ಚಿನ ತೂಕ ಮತ್ತೆ ಹಿಂಬದಿ ಹಲಗೆಗೇ ಬೀಳುತ್ತದೆ, ಹಲಗೆ ಬಿರುಕು ಬಿಡಬಹುದು, ತಿರುವಿನಲ್ಲಿ ದೋಣಿ ಮಗುಚಬಹುದು. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗೆ ಗರಿಷ್ಠ ಅಶ್ವಶಕ್ತಿ ನಮೂದಿಸಿದ ಫಲಕ ಅಂಟಿಸುವುದು ಕಾನೂನಾಗಿರುವುದು ಇದೇ ಕಾರಣಕ್ಕೆ.

ಎಲ್ಲ ದೋಣಿಯೂ ಏಳಲೇಬೇಕೆಂಬ ಹಟವನ್ನೂ ಪ್ರಶ್ನಿಸಬೇಕು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲೂ ಕರ್ನಾಟಕದ ಕರಾವಳಿಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅವಕಾಶವಿದೆ. ಬಲೆ, ಮೀನು, ಆಳುಗಳನ್ನು ಹೊತ್ತು ತೆರೆ ದಾಟುವುದು ಅವುಗಳ ಕೆಲಸ. ಉದ್ದ ಮೈಯ ಆ ದೋಣಿಗಳು ನೀರನ್ನು ಸೀಳಿಕೊಂಡೇ ಸಾಗುತ್ತವೆ, ಸಾಗಬೇಕು ಕೂಡ. ಹೊರೆ ಹೊರುವ ದೋಣಿಗೆ ಜಾರುವ ವೇಗ ಕೊಡಲು ಹೊರಟರೆ ಇಂಧನವೂ ಹೋಗುತ್ತದೆ, ಕೆಲಸವೂ ಕೆಡುತ್ತದೆ.

ಏಳಬೇಕಾದ ದೋಣಿಯ ವಿಷಯದಲ್ಲಿ ನನ್ನ ತೀರ್ಪು ಸರಳ. ಮೊದಲು ತೂಕ ಇಳಿಸಿ, ಉಳಿದದ್ದನ್ನು ಮುಂದಕ್ಕೆ ಸರಿಸಿ. ಬಳಿಕ ಎಂಜಿನ್ನಿನ ಎತ್ತರ, ಪಿನ್ನು. ಆಮೇಲೆ ಟ್ಯಾಕೋಮೀಟರ್ ನೋಡಿ ಪ್ರೊಪೆಲ್ಲರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ವೇಗ ಮತ್ತು ಸುತ್ತು ಬರೆದಿಡಿ. ಇಷ್ಟಾದ ಮೇಲೂ ದೋಣಿ ಏಳದಿದ್ದರೆ, ಮತ್ತು ದೋಣಿಯ ಮಿತಿಯೊಳಗೆ ಜಾಗವಿದ್ದರೆ, ದೊಡ್ಡ ಎಂಜಿನ್ ಕೊಳ್ಳಿ. ಆಗ ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗುತ್ತದೆ.