ಎರಡು ಇಂಚಿನ ವಿವೇಕ

ದುಬೈ–ಹತ್ತಾ ರಸ್ತೆಯಲ್ಲಿ ಸಿಗುವ ಅಲ್ ಬದಾಯರ್‌ನ ‘ಬಿಗ್ ರೆಡ್’ ದಿಬ್ಬದ ಬುಡದಲ್ಲಿ, ರಜಾದಿನದ ಬೆಳಿಗ್ಗೆ ಮೊದಲು ಕಿವಿಗೆ ಬೀಳುವುದು ಬುಸ್ಸೆನ್ನುವ ಸದ್ದು. ಸಾಲಾಗಿ ನಿಂತ ಗಾಡಿಗಳ ಟೈರಿನಿಂದ ಗಾಳಿ ಬಿಡುತ್ತಿರುತ್ತಾರೆ. ಡಾಂಬರು ರಸ್ತೆಗೆಂದು ತುಂಬಿದ 35 ಪಿಎಸ್‌ಐ 15ರ ಆಸುಪಾಸಿಗೆ ಇಳಿಯುತ್ತದೆ. ಟೈರು ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಮರುಭೂಮಿಗೆ ಹೊರಟ ಗಾಡಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ, ಖರ್ಚೂ ಇಲ್ಲ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್‌ಗಳನ್ನು ತೂಗಿ ನೋಡುವಾಗ ಕೇಳಬೇಕಾದ್ದು ಇಷ್ಟೇ: ಗಾಳಿ ಇಳಿಸಿದ ಮೇಲೂ ಉಳಿಯುವ ಕೊರತೆ ಯಾವುದು?

ಪಿಕಪ್‌ಗೆ ಆ ಕೊರತೆ ಹುಟ್ಟಿನಿಂದಲೇ ಬಂದದ್ದು. ಟೊಯೋಟಾ ಹೈಲಕ್ಸ್‌ನ ಹಿಂಬದಿಯ ಲೀಫ್ ಸ್ಪ್ರಿಂಗುಗಳನ್ನು ಮಾಡಿರುವುದು ಸುಮಾರು ಒಂದು ಟನ್ ಹೇರು ಹೊರಲು. ಹಿಂಬದಿ ಖಾಲಿಯಿದ್ದರೆ ಅವು ಸುಲಭಕ್ಕೆ ಬಗ್ಗುವುದಿಲ್ಲ. ಏರಿಳಿತ ಸಿಕ್ಕಾಗ ಗಾಡಿಯ ಬಾಲ ಕುಪ್ಪಳಿಸುತ್ತದೆ. ಎರಡನೆಯದು ಉದ್ದ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮೂರು ಮೀಟರಿಗೂ ಹೆಚ್ಚು ಅಂತರವಿರುವುದರಿಂದ ಚೂಪು ನೆತ್ತಿಯ ದಿಬ್ಬ ದಾಟುವಾಗ ಹೊಟ್ಟೆ ಮರಳಿಗೆ ಕೂತುಬಿಡುತ್ತದೆ. ಲಿಫ್ಟ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಹೊಟ್ಟೆಯ ಎತ್ತರ 22 ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಎರಡು ಇಂಚು ಏರಿಸಿದಾಗ ನೆತ್ತಿ ದಾಟುವ ಕೋನದಲ್ಲಿ ಮೂರೂವರೆ ಡಿಗ್ರಿಯಷ್ಟು ಲಾಭ. ಆದರೆ ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಏರಿಸುವುದು ದೊಡ್ಡ ಟೈರು ಮಾತ್ರ.

ಅಗ್ಗದ ದಾರಿ ಸ್ಪೇಸರ್. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗಿನ ಮೇಲೊಂದು ಲೋಹದ ಬಿಲ್ಲೆ ಇಟ್ಟರೆ ಗಾಡಿಯ ಮೂತಿ ಏರುತ್ತದೆ. ಚಕ್ರದ ಒಟ್ಟು ಓಡಾಟ ಮಾತ್ರ ಹಿಂದಿನಷ್ಟೇ. ಮೇಲಕ್ಕೆ ಸಿಕ್ಕಿದ್ದನ್ನು ಕೆಳಗಿನಿಂದ ಕಡ ತಂದಂತೆ. ನೆತ್ತಿ ದಾಟಿ ಚಕ್ರ ನೇತಾಡಿದ ಕೂಡಲೇ ‘ಢಣ್’ ಎಂದು ಕೊನೆ ಮುಟ್ಟುತ್ತದೆ. ನೋಟಕ್ಕೆ ಪರವಾಗಿಲ್ಲ, ಮರಳಿಗಲ್ಲ. ನಾಲ್ಕು ಇಂಚು ಮತ್ತದರ ಮೇಲಿನ ಮೋಹ ಇನ್ನೂ ದುಬಾರಿ. ಆಕ್ಸಲ್‌ನ ಸಿ.ವಿ. ಜಾಯಿಂಟ್‌ಗಳು ಓರೆಯಾಗಿ ಬೇಗ ಸವೆಯುತ್ತವೆ, ಕ್ಯಾಸ್ಟರ್ ಕೋನ ತಪ್ಪಿ ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಭಾರವೂ ಮೇಲಕ್ಕೆ ಹೋಗುವುದರಿಂದ ದಿಬ್ಬದ ಓರೆಯಲ್ಲಿ ಅಡ್ಡಲಾಗಿ ಸಾಗುವಾಗ ಉರುಳುವ ಭಯ ಬೆಳೆಯುತ್ತದೆ.

ನನ್ನ ಮತ ಎರಡು ಇಂಚಿನ ಪೂರ್ತಿ ಸೆಟ್‌ಗೆ: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಕ್ಕೊಂದು ಹೊಂದುವಂತೆ ಮಾಡಿದ್ದು. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು ಬ್ರ್ಯಾಂಡ್ ಹೊರೆಗೆ ತಕ್ಕಂತೆ ಬೇರೆ ಬೇರೆ ಬಿಗಿಯ ಸ್ಪ್ರಿಂಗ್ ಕೊಡುತ್ತದೆ. ಜನ ತಪ್ಪುವುದು ಇಲ್ಲಿಯೇ. ವಿಂಚ್ ಇಲ್ಲ, ಉಕ್ಕಿನ ಬಂಪರ್ ಇಲ್ಲ, ಆದರೂ ‘ಹೆವಿ ಡ್ಯೂಟಿ’ಯೇ ಬೇಕು! ಮೊದಲೇ ಬಿಗಿಯಾದ ಬಾಲಕ್ಕೆ ಇನ್ನಷ್ಟು ಬಿಗಿ ಹಾಕಿ, ಆಮೇಲೆ ಸೊಂಟನೋವೆಂದು ಕಿಟ್ಟನ್ನು ಬಯ್ಯುತ್ತಾರೆ.

ಕೈಯಲ್ಲಿ ಹಣ ಮಿಕ್ಕರೆ ಅದು ಇಂಚಿಗಲ್ಲ, ಶಾಕ್‌ಗೆ ಹೋಗಬೇಕು. ಅಬುಧಾಬಿ ಕಡೆಯ ಲಿವಾದ ದಿಬ್ಬಗಳಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಶಾಕ್‌ನೊಳಗಿನ ಎಣ್ಣೆ ಕಾದು ನೊರೆಗಟ್ಟುತ್ತದೆ, ಹಿಡಿತ ಸಡಿಲವಾಗುತ್ತದೆ. ನೈಟ್ರೋಜನ್ ಒತ್ತಡದ ಮಾನೋಟ್ಯೂಬ್ ಶಾಕ್ ಆ ನೊರೆಯನ್ನು ತಡೆಯುತ್ತದೆ. ಪಕ್ಕದಲ್ಲೊಂದು ರಿಸರ್ವಾಯರ್ ಇದ್ದರೆ ಎಣ್ಣೆಯೂ ಹೆಚ್ಚು, ಕಾಯುವುದೂ ನಿಧಾನ. ಫೋರ್ಡ್ ರೇಂಜರ್ ರ್‍ಯಾಪ್ಟರ್ ಈ ಪಾಠವನ್ನು ಕಾರ್ಖಾನೆಯಲ್ಲೇ ಕಲಿತು ಬಂದಿದೆ: ಫಾಕ್ಸ್ ಶಾಕ್‌ಗಳ ಜೊತೆಗೆ ಹಿಂದೆ ಲೀಫ್ ಬಿಟ್ಟು ಕಾಯಿಲ್ ಸ್ಪ್ರಿಂಗ್. ಹೇರು ಹೊರುವ ತಾಕತ್ತನ್ನು ಒಂದಿಷ್ಟು ಬಿಟ್ಟುಕೊಟ್ಟೇ ಅದು ಈ ನಯ ಗಳಿಸಿದೆ.

ಕಾನೂನೂ ಲೆಕ್ಕದೊಳಗೇ ಬರುತ್ತದೆ. ಯುಎಇಯ 2017ರ ಫೆಡರಲ್ ಸಂಚಾರ ನಿಯಮದಲ್ಲಿ ಅನುಮತಿಯಿಲ್ಲದೆ ಎಂಜಿನ್ ಅಥವಾ ಚಾಸಿಸ್ ಬದಲಿಸಿದರೆ 1,000 ದಿರ್ಹಮ್ ದಂಡ, 12 ಕಪ್ಪು ಅಂಕ, 30 ದಿನ ಗಾಡಿ ಜಪ್ತಿ ಎಂದಿತ್ತು. ಪ್ರತಿವರ್ಷದ ‘ಪಾಸಿಂಗ್’ ತಪಾಸಣೆ ಬೇರೆ. ಕಿಟ್ ಕೊಳ್ಳುವ ಮೊದಲೇ ಅನುಮತಿ ಕೇಳುವುದು ಜಾಣತನ.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಡೇರೆ, ನೀರಿನ ಕ್ಯಾನು, ಮಕ್ಕಳು ಎಲ್ಲರನ್ನೂ ಹೇರಿಕೊಂಡು ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ. ಮೆಕ್ಯಾನಿಕ್ ಟೇಪು ಹಿಡಿದು ‘ಎಷ್ಟು ಇಂಚು ಸಾರ್?’ ಎಂದಾಗ, ಆ ತೂಕದ ಚೀಟಿಯನ್ನು ಅವನ ಕೈಗಿಡಿ.