ಎರಡು ಹಳಿಗಳ ನಡುವಿನ ಹಲಗೆ

ನಮ್ಮ ಹುಳಿಯಾರಿಗೆ ರೈಲಿಲ್ಲ. ರೈಲು ಬೇಕು ಅಂದರೆ ಚಿಕ್ಕನಾಯಕನಹಳ್ಳಿ ದಾಟಿ ತಿಪಟೂರಿಗೆ ಹೋಗಬೇಕು. ನಮ್ಮ ಕೊಬ್ಬರಿಯೂ ಹಂಗೇ ಹೋದದ್ದು, ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ. ರೈಲೇ ಇಲ್ಲದ ಊರಿನವನು ಕಾಣೆಯಾದ ಹಳಿಗಳ ಬಗ್ಗೆ ಏನು ಬರೆದಾನು ಅಂತ ಯಾರಾದರೂ ಕೇಳಬಹುದು. ಕೇಳಲಿ. ರೈಲು ಹತ್ತಿದವರು ಬರೆದದ್ದು ಬೇಕಾದಷ್ಟಿದೆ. ರೈಲಿಗೆ ಮೂಟೆ ಹತ್ತಿಸಿದವರ ಕಡೆಯಿಂದ ಅದನ್ನೊಮ್ಮೆ ಓದಿ ನೋಡುವುದಷ್ಟೇ ನನ್ನ ಕೆಲಸ.

ಬೆಂಗಳೂರಿನ ಹಳೆಯ ಯಾರ್ಡುಗಳು, ಮೀಟರ್ ಗೇಜಿನ ಕವಲು ಹಳಿಗಳು, ಮುಚ್ಚಿಹೋದ ಗೂಡ್ಸ್ ಶೆಡ್ಡುಗಳು ಇವನ್ನೆಲ್ಲ ನೆನೆಯುವ ಬರಹಗಳದ್ದೇ ಈಗ ಒಂದು ಪ್ರಕಾರವಾಗಿದೆ. ಅವುಗಳಲ್ಲಿ ಉಗಿಬಂಡಿಯ ಕೂಗು ಇರುತ್ತದೆ, ರಟ್ಟಿನ ಟಿಕೆಟ್ಟು ಇರುತ್ತದೆ, ಸ್ಟೇಷನ್ನಿನ ಕಲ್ಲುಬೆಂಚು, ಕಾಫಿಯ ವಾಸನೆ, ಹಸಿರು ಬಾವುಟ ಹಿಡಿದ ಗಾರ್ಡು ಇರುತ್ತಾನೆ. ಓದುವುದಕ್ಕೆ ಹಿತವಾಗಿರುತ್ತದೆ. ಆದರೆ ಇವೆಲ್ಲ ಕಿಟಕಿ ಪಕ್ಕ ಕೂತವರ ನೆನಪು. ಇಂಥ ಒಂದು ಬರಹವನ್ನು ನಮ್ಮ ಕೇರಿಯ ಹಿರಿಯರೊಬ್ಬರಿಗೆ ಓದಿ ಹೇಳಿದೆ. ವಯಸ್ಸಿನಲ್ಲಿ ಊರು ಬಿಟ್ಟು ಹೋಗಿ ಒಂದು ಜಂಕ್ಷನ್ನಿನ ಯಾರ್ಡಿನಲ್ಲಿ ಬಹಳ ವರ್ಷ ಮೂಟೆ ಹೊತ್ತವರು ಅವರು. ಕೊನೇವರೆಗೂ ಸುಮ್ಮನೆ ಕೇಳಿ ಕಡೆಗೆ ಒಂದೇ ಮಾತು ಕೇಳಿದರು: "ಹಲ್ಗೆ ಬರ್ದವ್ರೇನಪ್ಪ?"

"ಯಾವ ಹಲ್ಗೆ ತಾತ?"

"ಹಲ್ಗೆ ಇಲ್ದಲೆ ರೈಲು ಹೆಂಗ್ ಹೋಗ್ತಿತ್ತು?"

ಈ ಪ್ರಶ್ನೆ ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಹಳಿಗಳ ಅಳತೆ ಗೊತ್ತಿರಬೇಕು. ಬ್ರಿಟಿಷರು ಈ ದೇಶದಲ್ಲಿ ಒಂದೇ ಅಳತೆಯ ಹಳಿ ಹಾಕಲಿಲ್ಲ. ಅಗಲ ಹಳಿ 1676 ಮಿಲಿಮೀಟರು, ಮೀಟರ್ ಹಳಿ 1000, ಸಣ್ಣ ಹಳಿ 762. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿ ಬಂದದ್ದು ಅಗಲ ಹಳಿ. ಬೆಂಗಳೂರಿನಿಂದ ಈಚೆಗೆ ಮೈಸೂರಿಗೆ ಹೋದದ್ದು, ತುಮಕೂರು ತಿಪಟೂರು ಅರಸೀಕೆರೆ ದಾಟಿ 1889ರಲ್ಲಿ ಹರಿಹರ ಮುಟ್ಟಿದ್ದು ಮೀಟರ್ ಹಳಿ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ್ದು ಸಣ್ಣ ಹಳಿ. ಮಿರಜಿನಲ್ಲಂತೂ ಒಂದು ಕಾಲಕ್ಕೆ ಮೂರೂ ಅಳತೆಗಳು ಬಂದು ಸೇರಿದ್ದವು. ಒಂದು ಅಳತೆಯ ವ್ಯಾಗನ್ನು ಇನ್ನೊಂದರ ಮೇಲೆ ಓಡದು. ಹಾಗಾದರೆ ಸರಕು ದಾಟಿದ್ದು ಹೇಗೆ? ಎರಡು ವ್ಯಾಗನ್ನುಗಳನ್ನು ಪಕ್ಕಪಕ್ಕ ನಿಲ್ಲಿಸಿ, ನಡುವೆ ಹಲಗೆ ಹಾಕಿ, ತಲೆ ಮೇಲೆ ಸಿಂಬೆ ಇಟ್ಟುಕೊಂಡು ಆಳು ದಾಟಬೇಕು. ಒಂದು ರೈಲಿನ ಅಕ್ಕಿ, ಉಪ್ಪು, ಸಿಮೆಂಟು ಅಷ್ಟನ್ನೂ ಹೀಗೆ ಇನ್ನೊಂದು ರೈಲಿಗೆ ಹಾಕಬೇಕು. ಹಳಿ ಮುಗಿದ ಜಾಗದಿಂದ ಹಳಿ ಶುರುವಾಗುವ ಜಾಗದವರೆಗೆ ಮನುಷ್ಯನ ಬೆನ್ನೇ ಹಳಿ. ಯಾವ ರೈಲ್ವೆ ನಕ್ಷೆಯಲ್ಲೂ ಈ ಹಳಿಗೆ ಗೆರೆ ಎಳೆದಿಲ್ಲ.

ಇನ್ನೊಂದು ಮಾತನ್ನೂ ಹಿರಿಯರು ಹೇಳಿದರು. "ಬೆಲ್ಲ ಬಂದ್ರೆ ಯಾರ್ ಯಾರೋ ಮುಂದಕ್ ಬರೋರು. ತೊಗ್ಲು, ಮೂಳೆ ಬಂದ್ರೆ ಮೇಸ್ತ್ರಿ ನಮ್ಮನ್ನೇ ಕೂಗೋನು." ಹಮಾಲರಲ್ಲಿ ಎಲ್ಲ ಜಾತಿಯ ಬಡವರೂ ಇದ್ದರು, ಅದು ನಿಜ. ಹೊಟ್ಟೆಪಾಡು ಒಂದೇ ಆದಾಗ ಜಾತಿ ಕರಗುತ್ತದೆ ಎಂದು ನಮ್ಮ ಕೆಲವು ಎಡಪಂಥೀಯ ಗೆಳೆಯರು ನಂಬಿದ್ದರು, ಈಗಲೂ ನಂಬುತ್ತಾರೆ. ಅವರು ಈ ಯಾರ್ಡಿನಲ್ಲಿ ಒಂದು ದಿನ ನಿಂತು ನೋಡಬೇಕಿತ್ತು. ಮೂಟೆಗೂ ಜಾತಿ ಇತ್ತು ಕಣ್ರಪ್ಪ!

ಈಗ ಆ ಹಲಗೆ ಇಲ್ಲ. ದೇಶಕ್ಕೆಲ್ಲ ಒಂದೇ ಅಗಲ ಹಳಿ ಎಂಬ ಯೋಜನೆ 1992ರಲ್ಲಿ ಶುರುವಾಗಿ, ಆ ದಶಕದಲ್ಲೇ ನಮ್ಮ ತಿಪಟೂರಿನ ಹಾದಿಯೂ ಅಗಲವಾಯಿತು. ಅದಕ್ಕೂ ಮೊದಲು, 1980ರ ದಶಕದಿಂದಲೇ ರೈಲ್ವೆಯವರು ಬಿಡಿ ಬಿಡಿ ವ್ಯಾಗನ್ನಿನ ಸಾಗಾಟ ಬಿಡುತ್ತಾ ಇಡೀ ರೈಲಿನ ಲೆಕ್ಕದಲ್ಲಿ ಮಾತ್ರ ಸರಕು ಒಯ್ಯುವ ಕಡೆಗೆ ವಾಲಿದ್ದರು. ಒಂದು ಸಣ್ಣ ಊರಿನ ವ್ಯಾಪಾರಿ ಇಡೀ ರೈಲು ತುಂಬಿಸುವುದು ಎಲ್ಲಿಂದ? ಅವನು ಲಾರಿ ಹಿಡಿದ. ಸಣ್ಣ ಸ್ಟೇಷನ್ನುಗಳ ಗೂಡ್ಸ್ ಶೆಡ್ಡಿಗೆ ಬೀಗ ಬಿತ್ತು, ಪಕ್ಕದ ಕವಲು ಹಳಿಯಲ್ಲಿ ಹುಲ್ಲು ಬೆಳೆಯಿತು, ಆಮೇಲೆ ಹಳಿಯನ್ನೂ ಕಿತ್ತರು. ಬೆಂಗಳೂರಿನ ಮೆಜೆಸ್ಟಿಕ್ಕಿನ ಹತ್ತಿರ ಗೂಡ್ಸ್ ಶೆಡ್ ರಸ್ತೆ ಎಂಬ ಹೆಸರು ಉಳಿದಿದೆ. ಸರಕು ಇಳಿಯುವುದು ದೂರದ ವೈಟ್‌ಫೀಲ್ಡಿನ ಟರ್ಮಿನಲ್ಲಿನಲ್ಲಿ.

ಹಲಗೆ ಹೋಯಿತಲ್ಲ ಅಂತ ನಾನು ಅಳುವುದಿಲ್ಲ. ಬೆನ್ನು ಮುರಿಯುವ ಕೆಲಸ ಹೋದರೆ ಹೋಗಲಿ. ಆದರೆ ಕೆಲಸದ ಜೊತೆಗೆ ಕೂಲಿಯೂ ಹೋಯಿತು, ಅದನ್ನು ಯಾರೂ ಅಳತೆ ಹಾಕಲಿಲ್ಲ. ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ ಹೋಗುವ ಉಂಡೆ ಕೊಬ್ಬರಿಯ ಚೀಲವನ್ನು ಇವತ್ತೂ ಲಾರಿಗೆ ಎತ್ತುವುದು ಮನುಷ್ಯನ ಹೆಗಲೇ. ಹಳಿ ಮಾತ್ರ ಆಧುನಿಕವಾಯಿತು.

ಇಂಥ ನೆನಪುಗಳನ್ನು ಸರ್ಕಾರ ಹೇಗೆ ಕಾಪಾಡುತ್ತದೆ ಎನ್ನುವುದಕ್ಕೆ ಮೈಸೂರಿನ ರೈಲು ಸಂಗ್ರಹಾಲಯ ನೋಡಿ. 1979ರಲ್ಲಿ ಆದದ್ದು. ಶಾಲೆ ಮಕ್ಕಳನ್ನು ಪ್ರವಾಸಕ್ಕೆ ಕರಕೊಂಡು ಹೋಗುವ ನಮ್ಮ ಮೇಷ್ಟ್ರುಗಳಿಗೆಲ್ಲ ಗೊತ್ತು. ಅಲ್ಲಿನ ಮುಖ್ಯ ಆಕರ್ಷಣೆ 1899ರ ಮಹಾರಾಣಿಯ ಸಲೂನು. ಅದರೊಳಗೆ ಅಡುಗೆಮನೆ ಇದೆ, ಊಟದ ಕೋಣೆ ಇದೆ, ರಾಜಮನೆತನದ ಶೌಚಾಲಯವೂ ಇದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮಹಾರಾಣಿಯವರ ಕಕ್ಕಸು ಪರಂಪರೆಯಾಯಿತು. ಅದನ್ನು ತೊಳೆದ ಕೈ ಯಾರದು ಎಂಬ ಪ್ರಶ್ನೆ ಹುಟ್ಟುವ ಮೊದಲೇ ಸಾಲು ಮುಂದಕ್ಕೆ ಹೋಗಿರುತ್ತದೆ. ಆ ಕೈಗಳ ಕೆಲಸ ರಾಜರ ಕಾಲಕ್ಕೆ ಮುಗಿಯಲಿಲ್ಲ. ಬೋಗಿಗಳ ಹೊಲಸು ನೇರ ಹಳಿ ಮೇಲೆ ಬೀಳುತ್ತಿತ್ತು, ಸ್ಟೇಷನ್ನಿನಲ್ಲಿ ಅದನ್ನು ಬಳಿಯಲು ನಮ್ಮ ಜನವೇ ಇಳಿಯಬೇಕಿತ್ತು. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಕಾಯಿದೆ ಬಂತು, 2013ರಲ್ಲಿ ಇನ್ನೊಂದು ಬಂತು. 2014ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರೈಲ್ವೆಗೆ, ಹಳಿ ಮೇಲಿನ ಈ ಕೆಲಸ ಕೊನೆಗಾಣಿಸಲು ಕಾಲಮಿತಿಯ ಯೋಜನೆ ಮಾಡು ಎಂದು ಹೇಳಬೇಕಾಯಿತು. ಒಂದು ಪೊರಕೆ, ಒಂದು ತಗಡು, ಒಂದು ಬಕೀಟು. ಸಲೂನಿನ ಪಕ್ಕ ಇವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಸಂಗ್ರಹಾಲಯ ಪೂರ್ತಿಯಾದೀತು.

ಎರಡನೆಯದು ಶಿವಮೊಗ್ಗ ಜಿಲ್ಲೆಯ ಅರಸಾಳು. ತಾಳಗುಪ್ಪದ ಹಾದಿಯ ಸಣ್ಣ ಸ್ಟೇಷನ್ನು. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ನಾಗಿ ಕಾಣಿಸಿತು ಎಂಬ ಕಾರಣಕ್ಕೆ ಅದರ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಶಂಕರನಾಗ್ ಬಗ್ಗೆ ನನಗೂ ಪ್ರೀತಿಯಿದೆ. ಆದರೂ ನೋಡಿ, ನಿಜವಾದ ಊರಿನ ನಿಜವಾದ ಸ್ಟೇಷನ್ನು ಬದುಕಿ ಉಳಿಯಬೇಕಾದರೆ ಇಲ್ಲದ ಊರೊಂದರ ಹೆಸರು ಹೊರಬೇಕಾಯಿತು!

ಆ ಇಲ್ಲದ ಊರಿಗೆ ರೈಲು ಬಂದ ಕಥೆಯನ್ನು ಆರ್.ಕೆ. ನಾರಾಯಣ್ 1958ರ 'ದಿ ಗೈಡ್' ಕಾದಂಬರಿಯಲ್ಲಿ ಹೇಳಿದ್ದಾರೆ. ರಾಜುವಿನ ಅಪ್ಪನ ಅಂಗಡಿ ಎದುರೇ ಹಳಿ ಹಾಕುವ ಕೆಲಸ ನಡೆಯುತ್ತದೆ. ಮಣ್ಣಿನ ಗುಡ್ಡೆ ಬೀಳುತ್ತದೆ, ಕೂಲಿಯವರು ಬರುತ್ತಾರೆ, ಅಂಗಡಿಗೆ ವ್ಯಾಪಾರ ಕುದುರುತ್ತದೆ. ಆ ಕೂಲಿಯವರಿಂದ ಹುಡುಗ ಏನು ಕಲಿಯುತ್ತಾನೆ? ಬೈಗುಳ. ಅದನ್ನು ಕೇಳಿದ ಅಪ್ಪ ಅವನನ್ನು ಇಸ್ಕೂಲಿಗೆ ಹಾಕುತ್ತಾನೆ. ಹಳಿ ಮುಗಿಯುತ್ತದೆ, ಸ್ಟೇಷನ್ನಾಗುತ್ತದೆ, ಅಪ್ಪನಿಗೆ ಅಲ್ಲೇ ಅಂಗಡಿ ಸಿಗುತ್ತದೆ, ಮಗ ರೈಲ್ವೆ ರಾಜು ಆಗುತ್ತಾನೆ. ಕೂಲಿಯವರು? ಅವರು ಕಾದಂಬರಿಯಿಂದ ಹೊರಟುಹೋಗುತ್ತಾರೆ, ತಮ್ಮ ಬೈಗುಳವನ್ನಷ್ಟೇ ಬಿಟ್ಟು. ನಾರಾಯಣ್ ಸುಳ್ಳು ಬರೆದರು ಎಂದು ನಾನು ಹೇಳುತ್ತಿಲ್ಲ. ಅಂಗಡಿ ಜಗಲಿಯಿಂದ ಒಬ್ಬ ಹುಡುಗನಿಗೆ ಎಷ್ಟು ಕಾಣುತ್ತದೋ ಅಷ್ಟನ್ನು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ. ಅಂಗಡಿ ಜಗಲಿಯ ನೋಟವನ್ನೇ ನಾಡಿನ ನೆನಪು ಎಂದು ಒಪ್ಪಿಕೊಂಡವರು ನಾವು, ಓದುಗರು ಮತ್ತು ವಿಮರ್ಶಕರು. ಆ ಮಣ್ಣು ಹೊತ್ತವರು ಯಾರು ಎಂದು ಕೇಳಿದರೆ ಚರಿತ್ರೆ ಉತ್ತರ ಕೊಡುತ್ತದೆ: ಬೆಂಗಳೂರು-ಮೈಸೂರು ಹಳಿಯ ಮಣ್ಣಿನ ಕೆಲಸ ಮಾಡಿದವರಲ್ಲಿ 1876-78ರ ಬರಗಾಲದಲ್ಲಿ ಅನ್ನಕ್ಕಾಗಿ ಬಂದ ಜನ ಇದ್ದರು. ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಸತ್ತರು. ಸಾಯುವವನ ಬಾಯಲ್ಲಿ ಬೈಗುಳ ಬಿಟ್ಟು ಇನ್ನೇನು ಬರಬೇಕಿತ್ತು?

ಗೆಳೆಯರೆ, ಮಾಲ್ಗುಡಿಯ ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಸ್ಟೇಷನ್ನು ಇದೆ. ಅದರ ಹೆಸರು ಮಸೂರು, ಸತಾರಾ ಜಿಲ್ಲೆಯಲ್ಲಿದೆ. ಅದು ಬೇರೆ ಸೀಮೆಯದು ಎನ್ನಬೇಡಿ. ಬೆಂಗಳೂರಿನಿಂದ ತಿಪಟೂರು, ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮಿರಜು ದಾಟಿ ಪೂನಾಕ್ಕೆ ಹೋಗುತ್ತಿದ್ದ ಅದೇ ಮೀಟರ್ ಹಳಿ, ಅದೇ ಸದರ್ನ್ ಮರಾಠಾ ರೈಲ್ವೆ. ನಮ್ಮ ಕೊಬ್ಬರಿಯ ಹಾದಿ. 1901ರಲ್ಲಿ ಅಲ್ಲಿ ಕೆಲವು ಹುಡುಗರು ರೈಲಿಳಿದರು, ಹೊಸ ಅಂಗಿ, ಜರಿ ಟೋಪಿ ಹಾಕಿಕೊಂಡು. ಅವರಲ್ಲೊಬ್ಬ ಭೀಮರಾವ್. ಬರಗಾಲದ ಕೆರೆ ಕೆಲಸದ ಕಡೆ ಖಜಾಂಚಿಯಾಗಿದ್ದ ಅಪ್ಪನನ್ನು ನೋಡಲು ಹೊರಟವರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಬಂದು ವಿಚಾರಿಸಿದರು. ಹುಡುಗ ಯೋಚನೆ ಮಾಡದೆ 'ಮಹಾರರು' ಎಂದುಬಿಟ್ಟ. ಮಾಸ್ತರ ಮುಖ ಬದಲಾಯಿತು. ಗಾಡಿಯವರು ದುಪ್ಪಟ್ಟು ಕೊಟ್ಟರೂ ಒಲ್ಲೆವೆಂದರು. ಕಡೆಗೆ ಒಬ್ಬ ಒಪ್ಪಿದ, ದುಪ್ಪಟ್ಟು ಬಾಡಿಗೆಗೆ, ಗಾಡಿ ಹುಡುಗರೇ ಹೊಡೆಯಬೇಕು ಎಂಬ ಷರತ್ತಿನ ಮೇಲೆ. ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. ಕಟ್ಟಿ ತಂದ ಬುತ್ತಿ ಹಂಗೇ ಉಳಿಯಿತು. ಬಾಬಾಸಾಹೇಬರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಣ್ಣೀರಿಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ ಬರೆದಿದ್ದಾರೆ. ಟಿಕೆಟ್ಟು ಕೊಂಡವನನ್ನು ರೈಲು ಒಯ್ದಿತು, ಪ್ಲಾಟ್‌ಫಾರಂ ಮಾತ್ರ ಅವನನ್ನು ಒಪ್ಪಲಿಲ್ಲ. ಕಾಣೆಯಾದ ಮೀಟರ್ ಹಳಿಯ ಮೇಲೆ ಪ್ರೀತಿ ಸುರಿಸುವ ಬರಹಗಳಲ್ಲಿ ಈ ಸ್ಟೇಷನ್ನು ಬಂದದ್ದನ್ನು ನಾನು ಇನ್ನೂ ಓದಿಲ್ಲ.

ಮೊನ್ನೆ ಈ ಕಥೆಯನ್ನು ಹಿರಿಯರಿಗೆ ಹೇಳಿದೆ. ಅವರು ಕೇಳಿದ್ದು, "ಆ ಎಳೇ ಹುಡುಗ್ರಿಗೆ ಗಾಡಿ ಹೊಡೆಯೋಕ್ ಬರ್ತಿತ್ತಾ?" ನನಗೆ ಉತ್ತರ ತಿಳಿಯಲಿಲ್ಲ. ನಾನು ಮತ್ತೆ ಹಲಗೆ ವಿಷಯ ತೆಗೆದೆ, ಎಷ್ಟು ಅಗಲ ಇತ್ತು ಅಂತ. ಎರಡು ಕೈ ಮುಂದಕ್ಕೆ ಚಾಚಿ ತೋರಿಸಿದರು, ಎರಡು ಗೇಣು ಇದ್ದೀತು. "ಮಳೆಗಾಲ್ದಲ್ಲಿ ಜಾರೋದು. ಮರ್ಳು ಎರಚ್ಕೊಂತಿದ್ವಿ. ಮರ್ಳು ತರೋಕೇ ಅಂತ ಒಬ್ಬ ಹುಡ್ಗ ಇದ್ದ, ನಮ್ಮೋನೇ. ಒಂದಿನ ಅವ್ನೇ ಜಾರಿ ಬಿದ್ದ, ಎರಡು ವ್ಯಾಗನ್ ಮಧ್ಯ." ಹುಡುಗನ ಹೆಸರು ಕೇಳಿದೆ. ಬಹಳ ಹೊತ್ತು ಯೋಚಿಸಿದರು. "ನಾಲ್ಗೆ ತುದೀಲೈತೆ, ನಾಳೆ ಬಾ" ಅಂದರು.